ಉಸಿರಾಡುತ್ತಿದ್ದ ಹಗೇವು

ಅರಕೇರಾ

ಪರದೇಶಕ್ಕೆ ಹೊರಟವರು ಮೊದಲು ಪಾಸ್‌ಪೋರ್ಟ್ ಹುಡುಕುತ್ತಾರೆ. ನಾನು ಮೊದಲು ಹುಡುಕಿದ್ದು ರಂಗಪ್ಪಜ್ಜನನ್ನು. ದೇವದುರ್ಗದಿಂದ ನಿಂತುಕೊಂಡೇ ಬಸ್ಸಿನಲ್ಲಿ ಹೋಗಿ, ಅರಕೇರಾದಲ್ಲಿ ಇಳಿದು, ಹಗೇವಿನ ರಂಗಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಹರೆಯದವರಿಗೆ ಯಾರಿಗೂ ಗೊತ್ತಿಲ್ಲ. ಅರ್ಧ ಊರು ದುಡಿಯಲು ಪುಣೆಯ ಕಡೆ ಹೋಗಿತ್ತು. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕಿ, "ಆತ ಇನ್ನಾ ಅದಾನೇನ?" ಎಂದು ನನ್ನನ್ನೇ ಕೇಳಿದಳು. ಅಜ್ಜ ಅವಳ ಬೆನ್ನ ಹಿಂದಿನ ಮನೆಯಲ್ಲೇ ಇದ್ದ.

ನಮ್ಮದು ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಮನೆತನ. ನನಗೆ ಗಿರಣಿ ಸಿಗಲಿಲ್ಲ, ಅಣ್ಣಂದಿರಿಗೆ ಹೋಯಿತು. ಆದರೆ ಕಾಳಿನ ಹುಚ್ಚು ನನಗೇ ಬಂತು. ರಾಯಚೂರಿನಲ್ಲಿ ಇದ್ದುಕೊಂಡು, ಕಾಳುಕಡಿ ಕೆಡದಂತೆ ಇಡುವುದು ಹೇಗೆಂದು ಹಳ್ಳಿಯ ಹೆಂಗಸರಿಗೆ ಕಲಿಸುತ್ತೇನೆ. ಇಥಿಯೋಪಿಯಾದ ಬರದ ಸೀಮೆಯಲ್ಲಿ ಹಸಿದವರಿಗೆ ಕಾಳು ಹಂಚುವ ಒಂದು ಸಂಸ್ಥೆಯವರು ಪತ್ರ ಬರೆದಿದ್ದರು. ಅಲ್ಲಿಯ ಜನವೂ ನಮ್ಮ ಹಾಗೆ ಜೋಳ ತಿನ್ನುವವರಂತೆ. ನಮ್ಮ ಹಾಗೆ ನೆಲದೊಳಗೆ ಹಗೇವು ತೋಡಿ ಜೋಳ ಇಡುತ್ತಿದ್ದರಂತೆ. ಈಗಿನವರಿಗೆ ಆ ಕೆಲಸ ಮರೆತು ಹೋಗಿದೆ, ಬಲ್ಲವರೊಬ್ಬರನ್ನು ಕರೆದುಕೊಂಡು ಬನ್ನಿ ಎಂದು ಪತ್ರ.

ನೋಡದವರಿಗಾಗಿ ಹೇಳುತ್ತೇನೆ. ಹಗೇವು ಎಂದರೆ ಹೂಜಿಯ ಆಕಾರದ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಗೋಡೆಗೆ ಕಣಿಕೆ ಎಂದರೆ ಜೋಳದ ಒಣ ದಂಟು, ಹೊಟ್ಟು ಒತ್ತಿ, ಜೋಳ ತುಂಬಿ, ಮೇಲೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಾರೆ. ಗಾಳಿ ಆಡದಿದ್ದರೆ ಹುಳ ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಗಾಳಿ ಆಡದ ಜಾಗದಲ್ಲಿ ಮನುಷ್ಯನೂ ಸಾಯುತ್ತಾನೆ ಎಂಬುದನ್ನು ಮರೆಯಬಾರದು.

"ನಮ್ಮಣ್ಣ ಹಗೇವಿನಾಗೇ ಹೋದ, ಯವ್ವಾ," ಎಂದ ರಂಗಪ್ಪಜ್ಜ, ಚಹಾದ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ. "ಕಂದೀಲು ಇಳಿಸಿ ಆರ್ತದೇನು ಅಂತ ನೋಡಲಾರದ ಇಳಿದುಬಿಟ್ಟ. ನಾ ಮ್ಯಾಲ ನಿಂತು ಕರದೆ. ಒಳಗಿಂದ 'ಓ' ಅಂದ. ಎಳಕೊಂಡು ನೋಡಿದ್ರ, ಆಗಲೇ ತಣ್ಣಗಾಗಿದ್ದ."

"ಮತ್ತ 'ಓ' ಅಂದಾವ್ರು ಯಾರ್ರೀ ಅಜ್ಜ?"

"ಅದನ್ನ ನಾನೂ ನಲವತ್ತು ವರ್ಷದಿಂದ ಕೇಳಾಕತ್ತೀನಿ," ಎಂದು ಅಜ್ಜ ಬಟ್ಟಲು ಕೆಳಗಿಟ್ಟ. ಆಮೇಲೆ ತನ್ನ ಕಂದೀಲು ಬಂದರೆ ತಾನೂ ಬರುತ್ತೇನೆ ಎಂದ.

ಹೈದರಾಬಾದ್, ಅಲ್ಲಿಂದ ಆಕಾಶ

ಕಂದೀಲು ಬರಲಿಲ್ಲ. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಅದನ್ನು ಮೂಸಿ ನೋಡಿದ. ಒಂದು ಹನಿ ಸೀಮೆಎಣ್ಣೆಯೂ ಇರಲಿಲ್ಲ, ಆದರೆ ನಲವತ್ತು ವರ್ಷದ ವಾಸನೆ ಎಲ್ಲಿ ಹೋಗಬೇಕು? ಅಜ್ಜ ರಾಯಚೂರು ಬಜಾರಿನಲ್ಲಿ ಕಲಿತ ತೆಲುಗು, ಉರ್ದು ಎರಡರಲ್ಲೂ ವಾದ ಮಾಡಿದ. ಆತನೂ ಎರಡರಲ್ಲೂ ಇಲ್ಲ ಎಂದ. ಕಂದೀಲನ್ನು ಒಂದು ತೊಟ್ಟಿಗೆ ಹಾಕುವುದನ್ನು ನೋಡಿ ಅಜ್ಜ ಮುಖ ತಿರುಗಿಸಿಕೊಂಡ. ಅರಬ್ಬಿ ಸಮುದ್ರ ದಾಟುವವರೆಗೂ ನನ್ನ ಹತ್ತಿರ ಮಾತಿಲ್ಲ.

ಸಮುದ್ರ ದಾಟಿದ ಮೇಲೆ ಹಸಿವು ಗೆದ್ದಿತು. ಗಂಟು ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತೆಗೆದ. ರೊಟ್ಟಿ ಮುರಿದ ಸದ್ದಿಗೆ ಮುಂದಿನ ಎರಡು ಸಾಲು ತಿರುಗಿ ನೋಡಿತು. ವಿಮಾನದ ಹುಡುಗಿ ಒಂದು ಚೂರು ಕೇಳಿ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು ಓಡಿ ಹೋದಳು. ಅಜ್ಜನಿಗೆ ಅದರಿಂದ ಎಷ್ಟೋ ಸಮಾಧಾನವಾಯಿತು.

ಬೆಟ್ಟ ಇಳಿಯುವ ದಾರಿ

ಇಥಿಯೋಪಿಯಾದ ಪೂರ್ವಕ್ಕೆ ಹರಾರ್ ಎಂಬ ಹಳೆಯ ಪಟ್ಟಣವಿದೆ. ನಾವು ಹೋಗಬೇಕಾಗಿದ್ದದ್ದು ಅದರಾಚೆಯ ಬೆಟ್ಟ ಇಳಿದ ಮೇಲೆ ಸಿಗುವ ಒಂದು ಸಣ್ಣ ಹಳ್ಳಿಗೆ. ಕರೆದೊಯ್ಯಲು ಬಂದ ಸಂಸ್ಥೆಯ ಜಮಾಲ್ ಕೈಕುಲುಕಿ, "ಆರಾಮ್ ಅದೀರೇನ್ರೀ ಅಕ್ಕಾರ?" ಎಂದಾಗ ಮಾತಾಡಿದ್ದು ಅಜ್ಜನೇ ಎಂದುಕೊಂಡು ನಾನು ಹಿಂದಕ್ಕೆ ತಿರುಗಿ ನೋಡಿದೆ. ಧಾರವಾಡದಲ್ಲಿ ನಾಲ್ಕು ವರ್ಷ ಕೃಷಿ ಓದಿದವನಂತೆ. ಓದಿಗಿಂತ ಖಾನಾವಳಿಯಲ್ಲಿ ಕಲಿತದ್ದೇ ಹೆಚ್ಚು ಎಂದು ಅವನೇ ಹೇಳಿದ.

ದಾರಿಯ ಹೋಟೆಲಿನಲ್ಲಿ ಕಾಫಿಗೆ ಉಪ್ಪು ಹಾಕಿ ಕೊಟ್ಟರು. ನಾನು ತಪ್ಪಾಗಿದೆ ಎಂದು ಲೋಟ ವಾಪಸ್ ಕಳಿಸಿದೆ. ಇನ್ನಷ್ಟು ಉಪ್ಪು ಹಾಕಿಸಿಕೊಂಡು ಬಂತು. ಮಧ್ಯಾಹ್ನವಾದರೆ ಗಂಡಸರು ನೆರಳಲ್ಲಿ ಕೂತು ಒಂದು ಬಗೆಯ ಎಲೆ ಮೆಲ್ಲುತ್ತಾರೆ. ನಮ್ಮ ಎಲೆ ಅಡಿಕೆಯವರ ಹಾಗೆ ಉಗಿಯುವುದಿಲ್ಲ, ಹರಟುವುದೂ ಇಲ್ಲ. ಸುಮ್ಮನೆ ದಾರಿ ನೋಡುತ್ತಾರೆ. ಅದು ಹಸಿವನ್ನು ಅಡಗಿಸುತ್ತದೆ ಎಂದು ಜಮಾಲ್ ಹೇಳಿದ ಮೇಲೆ ನನಗೆ ಆ ಎಲೆಯ ಬಗ್ಗೆ ತಮಾಷೆ ಮಾಡುವ ಮನಸ್ಸಾಗಲಿಲ್ಲ.

ಬೆಟ್ಟ ಇಳಿಯುತ್ತಿದ್ದಂತೆ ನೋಟ ನಮ್ಮ ಕಡೆಯದೇ ಆಯಿತು. ಅದೇ ಕೆಂಪು ಮಣ್ಣು, ಅದೇ ಜಾಲಿ, ಅದೇ ಜೋಳದ ಹೊಲ. ಆದರೆ ದಂಟಿಗೆ ತೆನೆ ಇರಲಿಲ್ಲ. ನಮ್ಮ ದೇವದುರ್ಗದ ಕಡೆ ಗೂಗಲ್ ಎಂಬ ಊರಿನ ಹತ್ತಿರ ಕೃಷ್ಣೆ ಬೇಸಿಗೆಯಲ್ಲಿ ಬರೀ ಬಂಡೆಗಲ್ಲಾಗಿ ಮಲಗಿದರೂ ಎಲ್ಲೋ ಒಂದು ಮಡುವಿನಲ್ಲಿ ನೀರಿರುತ್ತದೆ, ನೀರಿದ್ದಲ್ಲಿ ಹಕ್ಕಿ ಇರುತ್ತದೆ. ಇಲ್ಲಿಯ ಹೊಳೆಯಲ್ಲಿ ಮರಳು, ಮರಳಿನಲ್ಲಿ ತೋಡಿ ಬಿಟ್ಟ ಒಣ ಒರತೆಗಳು. ಗಾಡಿ ನಿಲ್ಲಿಸಿದಾಗ ನಾನು ಹಕ್ಕಿಯ ಸದ್ದಿಗೆ ಕಿವಿಗೊಟ್ಟೆ. ನಾಯಿಯ ಸದ್ದಿಗೆ ಕಿವಿಗೊಟ್ಟೆ. ಎಂಜಿನ್ ತಣ್ಣಗಾಗುವ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ.

"ಬರ ನಾನೂ ಕಂಡೀನಿ," ಎಂದ ರಂಗಪ್ಪಜ್ಜ. "ಹಿಂಗ ಮಾತಾಡಲಾರದ ಬರ ಕಂಡಿಲ್ಲ."

ಕಲ್ಲುಗಳ ಪಾಳಿ

ಹಳ್ಳಿಯ ಮುಂದಿನ ಬಯಲಿನಲ್ಲಿ ಕಲ್ಲುಗಳು ಸಾಲಾಗಿ ಕೂತಿದ್ದವು. ಕೈಯಗಲದ ಕಲ್ಲು, ಒಂದರ ಹಿಂದೆ ಒಂದು, ನೆಟ್ಟಗೆ ದಾರಿಯ ಕಡೆ ಮುಖ. ಮನುಷ್ಯರ ಮುಖ ಒಂದೂ ಕಾಣಲಿಲ್ಲ. ಸಂಸ್ಥೆಯ ಕಾಳಿನ ಲಾರಿ ದಾರಿಯ ಗಲಾಟೆಯಲ್ಲಿ ಸಿಕ್ಕಿಕೊಂಡು ಎರಡು ವಾರವಾಗಿತ್ತು. ಬಿಸಿಲಿನಲ್ಲಿ ಸರದಿ ನಿಲ್ಲಲು ಮೈಯಲ್ಲಿ ಶಕ್ತಿ ಇಲ್ಲದವರು ತಮ್ಮ ಬದಲಿಗೆ ಕಲ್ಲು ನಿಲ್ಲಿಸಿದ್ದರು. ಮಾನ್ವಿಯ ಸೀಮೆಎಣ್ಣೆ ಪಾಳಿಯಲ್ಲಿ ನಾವೂ ಡಬ್ಬಿ, ಚಪ್ಪಲಿ ಇಟ್ಟು ಮನೆಗೆ ಹೋಗುತ್ತಿದ್ದೆವು. ಆದರೆ ಆ ಡಬ್ಬಿಗಳ ಸುತ್ತ ಜಗಳವಿರುತ್ತಿತ್ತು, ನಗು ಇರುತ್ತಿತ್ತು. ಇವು ಮಾತ್ರ ತಾವೇ ಹಸಿದವರ ಹಾಗೆ ಕಾಯುತ್ತಿದ್ದವು.

ಬಿಸಿಲಿಗೆ ನಿಲ್ಲಲಾರದೆ ನಾನು ಸಾಲಿನಲ್ಲಿದ್ದ ಒಂದೇ ಒಂದು ದೊಡ್ಡ ಕಲ್ಲಿನ ಮೇಲೆ ಕೂತೆ. ಎಲ್ಲಿಂದ ಬಂದಳೋ, ಒಬ್ಬ ಮುದುಕಿ ನನ್ನ ತೋಳು ಹಿಡಿದು ಎಬ್ಬಿಸಿದಳು. ಹಿಡಿತದಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿ ಮಲಗಿದ ಮಗುವಿನ ಪಕ್ಕದಿಂದ ಯಾರನ್ನಾದರೂ ಎಬ್ಬಿಸುವಾಗ ಇರುವಂಥ ಎಚ್ಚರ ಇತ್ತು. ಅವಳ ಬೆರಳು ನನ್ನ ತೋಳಿಗೆ ಬರೀ ಎಲುಬಾಗಿ ತಾಗಿತು.

"ಇಕಿ ಫಾತುಮಾ," ಎಂದ ಜಮಾಲ್. "ನೀವು ಕುಂತದ್ದು ಆಕಿ ಮಗ ಅಹ್ಮದನ ಕಲ್ಲು."

"ಆತ ಎಲ್ಲಿ?"

"ಆರು ವರ್ಷದ ಹಿಂದ ದನ ಹೊಡಕೊಂಡು ಹುಲ್ಲು ಹುಡುಕಾಕ ಹೋದಾಂವ. ಬಂದಿಲ್ಲ."

ಹೋಗುವ ಮುಂಚೆ ಅಹ್ಮದ್ ತನ್ನ ಜೋಳವನ್ನೆಲ್ಲ ಅಂಗಳದ ಹಗೇವಿನಲ್ಲಿ ತುಂಬಿ, ಮುಚ್ಚಿದ ಹಸಿ ಮಣ್ಣಿಗೆ ಅಂಗೈ ಒತ್ತಿ ಹೋಗಿದ್ದ. ಆ ಅಂಗೈಯ ಗುರುತು ಇನ್ನೂ ಹಾಗೇ ಇತ್ತು. ಅದು ಇರುವವರೆಗೆ ಅವನು ಬರುವವನು ಎಂದು ತಾಯಿ ನಂಬಿದ್ದಳು. ಅವಳು ನಂಬಿದ್ದಳೆಂದು ಊರೂ ನಂಬಿತ್ತು. ತಮ್ಮ ಕಾಲ ಕೆಳಗೆ ಒಂದು ಕೋಣೆ ಜೋಳವಿದ್ದರೂ ಇಪ್ಪತ್ತು ಮನೆಗಳವರು ಅದನ್ನು ಕೇಳಿರಲಿಲ್ಲ. ಇಂಥ ಮಾತು ಬೇರೆ ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

ಇನ್ನೊಂದು ವಿಷಯವನ್ನು ಜಮಾಲ್ ದನಿ ತಗ್ಗಿಸಿ ಹೇಳಿದ. ಫಾತುಮಾ ತನಗೆ ಸಿಕ್ಕ ಕೂಳನ್ನು ಎರಡು ಪಾಲು ಮಾಡಿ ಒಂದನ್ನು ಆ ಅಂಗೈಯ ಮೇಲೆ ಇಡುತ್ತಾಳೆ. ಸಂಜೆ ಅದನ್ನು ನೆರೆಯ ಮಕ್ಕಳಿಗೆ ಕೊಡುತ್ತಾಳೆ, ತಾನು ಮುಟ್ಟುವುದಿಲ್ಲ. ಲಾರಿ ನಿಂತ ಮೇಲೆ ಸಿಗುವುದೇ ಒಂದು ಹಿಡಿ. ಅದರಲ್ಲೂ ಅರ್ಧ ಮಗನಿಗೆ. "ಇನ್ನೊಂದು ವಾರ ಹಿಂಗಾದ್ರ ಮುದುಕಿ ಉಳಿಯಂಗಿಲ್ರೀ," ಎಂದ.

ಫಾತುಮಾಳ ಅಂಗಳ

ಮರುದಿನ ಬೆಳಿಗ್ಗೆ ಅವಳೇ ನಮ್ಮನ್ನು ಕರೆಸಿದಳು. ದೂರದೇಶದಿಂದ ಹಗೇವು ಬಲ್ಲವನು ಬಂದಿದ್ದಾನೆ ಎಂದು ಕೇಳಿದ್ದಳು. ಅವನಿಗೆ ತೋರಿಸಬೇಕಾದದ್ದು ಒಂದಿತ್ತು. ಚಪ್ಪಡಿಯ ಅಂಚಿನಲ್ಲಿ ಮಣ್ಣು ಬಿರಿದು ಬೆರಳು ತೂರುವಷ್ಟು ಸೀಳಾಗಿತ್ತು. ಅಲ್ಲಿ ಕೈ ಇಡಲು ಸನ್ನೆ ಮಾಡಿದಳು.

ಇಟ್ಟೆ. ಒಳಗಿನಿಂದ ಬೆಚ್ಚನೆಯ ಹಸಿ ಗಾಳಿ ಅಂಗೈಗೆ ತಾಗಿತು. ತೆಗೆದೆ, ಮತ್ತೆ ಇಟ್ಟೆ. ಬಾಯಿ ತೆರೆದು ಮಲಗಿದವನ ಮುಖದ ಮುಂದೆ ಕೈ ಹಿಡಿದಂತಿತ್ತು. ಆಮೇಲೆ ಅವಳು ನನ್ನ ತಲೆಯನ್ನು ಮೆತ್ತಗೆ ಬಗ್ಗಿಸಿ ಕಿವಿಯನ್ನು ಸೀಳಿಗೆ ಹಚ್ಚಿದಳು. ಒಳಗೆ ಏನೋ ನಡೆಯುತ್ತಿತ್ತು. ಸಣ್ಣಗೆ, ಬಿಡದೆ, ದೂರದಲ್ಲಿ ತುಂಬಾ ಜನ ಒಟ್ಟಿಗೆ ಪಿಸುಗುಡುವ ಹಾಗೆ. ಹಗಲು ಹತ್ತು ಗಂಟೆ, ಮೈ ಮೇಲೆ ಸುಡುವ ಬಿಸಿಲು, ಆದರೂ ನನಗೆ ಹೆದರಿಕೆಯಾಯಿತು ಎಂದು ನಾಚಿಕೆಯಿಲ್ಲದೆ ಹೇಳುತ್ತೇನೆ.

"ಎರಡು ತಿಂಗಳಿಂದ ಹಿಂಗ ಅದ ಅಂತಾಳ," ಎಂದ ಜಮಾಲ್. "ಮಗ ಹತ್ತಿರ ಬರಾಕತ್ತಾನ, ಅದಕ್ಕ ಮಣ್ಣಾಗ ಅವನ ಉಸಿರು ಕೇಳಸ್ತದ ಅಂತಾಳ."

ರಂಗಪ್ಪಜ್ಜ ಮೊಳಕಾಲೂರಿ ಕಿವಿ ಹಚ್ಚಿದ. ಎದ್ದಾಗ ಫಾತುಮಾಳ ಕಡೆ ನೋಡದೆ ನನ್ನ ಕಡೆ ನೋಡಿದ.

"ಹುಳ ಬಿದ್ದಾವ, ಯವ್ವಾ. ಹವಾ ಹೊಕ್ಕದ. ಕೋಟಿ ಹುಳ ಮೇಯಾಕತ್ತಾವ, ಅದಕ್ಕ ಬಿಸಿ ಏರ್ಯದ. ಇವತ್ತ ತೆಗೆದ್ರ ಅರ್ಧ ಸಿಗ್ತದ. ಹದಿನೈದು ದಿನ ಬಿಟ್ರ ಬರೇ ಹಿಟ್ಟು."

"ಹೇಳೋಣು ಮತ್ತ."

"ನೀ ಹೇಳು. ನನ್ನ ಕೈಲಿ ಆಗಂಗಿಲ್ಲ."

ಓದಿದವಳಲ್ಲವೇ, ನಾನೇ ಹೇಳಿದೆ. ಒಂದು ಕಡ್ಡಿಯನ್ನು ಸೀಳಿನಲ್ಲಿ ತೂರಿಸಿ ಆಚೆ ಎಳೆದೆ. ತುದಿಗೆ ಅಂಟಿಕೊಂಡು ಬಂದ ಉದ್ದ ಮೂಗಿನ ಕಾಳುಹುಳವನ್ನು ನನ್ನ ಅಂಗೈಯಲ್ಲಿ ಬಿಟ್ಟು ಫಾತುಮಾಳ ಮುಂದೆ ಹಿಡಿದೆ. ಅದು ನನ್ನ ಹಸ್ತರೇಖೆ ಹಿಡಿದು ನಡೆಯಿತು. ಅವಳು ಅದು ಬೆರಳ ತುದಿ ಮುಟ್ಟುವವರೆಗೂ ನೋಡಿದಳು.

"ಇದು ನನ್ನ ಮಗನ ಜೋಳ ತಿನ್ನಾಕತ್ತದೇನು ಅಂತ ಕೇಳ್ತಾಳ," ಎಂದ ಜಮಾಲ್.

"ಹೌದನ್ನು."

ಅವಳು ಎದ್ದು ಗುಡಿಸಲಿನೊಳಗೆ ಹೋದಳು. ನಾವು ಬಿಸಿಲಿನಲ್ಲೇ ಕೂತೆವು. ಹೊರಗೆ ಬಂದಾಗ ಕೈಯಲ್ಲಿ ಗುದ್ದಲಿ ಇತ್ತು. ತೆಗೆಯಿರಿ, ಊರು ಉಣ್ಣಲಿ, ಆದರೆ ಒಣಗಿಸಿದ ಮೇಲೆ ಅವನ ಪಾಲನ್ನು ಮತ್ತೆ ಒಳಗಿಟ್ಟು ಮುಚ್ಚಬೇಕು ಎಂದಳು. ಬಂದಾಗ ಅವನು ಹಸಿದಿರುತ್ತಾನೆ. ಇಷ್ಟು ಹೇಳಿ ತನ್ನ ಕೈಯಿಂದಲೇ ಆ ಅಂಗೈಯ ಗುರುತನ್ನು ಕೆರೆದು ತೆಗೆದಳು. ನಾನು ಬೇರೆ ಕಡೆ ನೋಡಿದೆ.

ಬಾಯಿ ತೆರೆದ ದಿನ

ಚಪ್ಪಡಿ ಸರಿಸಿದಾಗ ಬಂದ ವಾಸನೆಗೆ ಊರೇ ಹಿಂದೆ ಸರಿಯಿತು. ಹುಳಿ ಬಂದ ಹಿಟ್ಟು, ಹಸಿ ಮಣ್ಣು, ಮುಚ್ಚಿಟ್ಟ ಮನೆ, ಎಲ್ಲ ಸೇರಿದ ವಾಸನೆ. ಕಂದೀಲು ಇಲ್ಲದ್ದಕ್ಕೆ ಒಂದು ತಗಡಿನ ಡಬ್ಬಿಯಲ್ಲಿ ಬತ್ತಿ ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಸಿದೆವು. ಒಂದು ಮೊಳ ಇಳಿಯುವುದರೊಳಗೆ ಜ್ವಾಲೆ ಅಲುಗಲೂ ಇಲ್ಲ, ಬಾಗಲೂ ಇಲ್ಲ. ಯಾರೋ ಬೆರಳಿನಿಂದ ಹಿಸುಕಿದ ಹಾಗೆ ಆರಿತು. ಮತ್ತೆ ಹಚ್ಚಿದೆವು, ಅದೇ ಜಾಗದಲ್ಲಿ ಮತ್ತೆ ಆರಿತು.

ಅಜ್ಜ ಕಂಬಳಿಗೆ ಹಗ್ಗ ಕಟ್ಟಿಸಿ ಬಾವಿಯಿಂದ ನೀರು ಸೇದುವ ಹಾಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಒಳಗಿನ ಕೆಟ್ಟ ಹವಾವನ್ನು ಹೊರಗೆ ತಳ್ಳಿಸಿದ. ಮಧ್ಯಾಹ್ನದವರೆಗೂ ಅದೇ ಕೆಲಸ. ಕೊನೆಗೊಮ್ಮೆ ಬತ್ತಿ ತಳದವರೆಗೂ ಉರಿಯಿತು. ಆಗ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, "ಮಾಲಕರ ಹೆಸರೇನು?" ಎಂದು ಕೇಳಿದ. ನಮ್ಮ ಕಡೆ ಹಗೇವಿಗೆ ಇಳಿಯುವವರು ಮಾಲಕನ ಹೆಸರನ್ನು ಮೂರು ಸಲ ಕೂಗಿ ಅಪ್ಪಣೆ ಕೇಳಿಯೇ ಇಳಿಯುವುದು.

"ಅಹ್ಮದಪ್ಪಾ," ಎಂದು ಅಜ್ಜ ಕುಣಿಯೊಳಗೆ ಕೂಗಿದ. "ಅಹ್ಮದಪ್ಪಾ, ನಿನ್ನ ಜ್ವಾಳ ತೆಗೆಯಾಕತ್ತೀವಿ. ಅಹ್ಮದಪ್ಪಾ."

ಒಳಗಿನಿಂದ ಕೊನೆಯ "ಪಾ" ಮಾತ್ರ ತಿರುಗಿ ಬಂತು, ಅಜ್ಜನದಲ್ಲದ ದನಿಯಲ್ಲಿ. ಅಜ್ಜ ಒಂದು ಹೆಜ್ಜೆ ಹಿಂದೆ ಸರಿದ. ಫಾತುಮಾ ಮಾತ್ರ ಬಗ್ಗಿ, ಅಂಗಳದಿಂದ ಮಗನಿಗೆ ಓಗೊಡುವ ಹಾಗೆ ಏನೋ ಒಂದು ಮಾತು ಒಳಗೆ ಹೇಳಿದಳು. ಅದನ್ನು ಜಮಾಲ್ ನನಗೆ ತಿಳಿಸಲಿಲ್ಲ. ಅಜ್ಜ ಕಣ್ಣು ಮುಚ್ಚಿ ಇಳಿದ.

ಮೇಲಿನ ಪದರ ಕಪ್ಪಾಗಿ ಗಟ್ಟಿಯಾಗಿತ್ತು, ಅದರ ಕೆಳಗೆ ಹುಳ, ಅದರ ಕೆಳಗೆ ಜೋಳ. ಬುಟ್ಟಿಗಳು ಮೇಲೆ ಬಂದವು. ಚಾಪೆಯ ಮೇಲೆ ಹರವಿದ ಕೂಡಲೇ ಹುಳಗಳು ಬಿಸಿಲು ತಾಳದೆ ಕಪ್ಪು ಎಳೆಗಳಾಗಿ ನಾಲ್ಕೂ ಕಡೆ ಹರಿದು ಹೋದವು. ನಾನು ತಳದ ಬುಟ್ಟಿಯಿಂದ ಒಂದು ಕಾಳು ತೆಗೆದು ಗಿರಣಿಯಲ್ಲಿ ಅಪ್ಪ ಮಾಡುತ್ತಿದ್ದ ಹಾಗೆ ಹಲ್ಲಿನಲ್ಲಿ ಕಚ್ಚಿದೆ. ಕಟ್ ಎಂದಿತು. ಒಳಗೆ ಬೆಳ್ಳಗಿತ್ತು. ಸಂತೋಷಕ್ಕೆ ನನಗೆ ಅಳುವೇ ಬಂತು.

ಆ ಸಂತೋಷದಲ್ಲೇ ಆ ತಪ್ಪು ಮಾಡಿದೆ. ಮಲ್ಲಟದಲ್ಲಿ ನನ್ನ ತಾಯಿಯ ತವರಿನಲ್ಲಿ ಹಗೇವು ತೆಗೆದಾಗ ಮೊದಲ ಬೊಗಸೆಯನ್ನು ಮನೆಯ ಹಿರಿಯ ಹೆಣ್ಣಿನ ಉಡಿಗೆ ಹಾಕುತ್ತಿದ್ದರು, ಮನೆ ತುಂಬಿರಲಿ, ಮಕ್ಕಳು ಬಾಳಲಿ ಎಂದು. ನಾನು ಒಳ್ಳೆಯ ಜೋಳ ಎರಡು ಕೈಯಲ್ಲಿ ತುಂಬಿಕೊಂಡು ಹೋಗಿ, ಕೂತಿದ್ದ ಫಾತುಮಾಳ ಮಡಿಲಿಗೆ ಸುರಿದೆ. ಅವಳ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದೆ.

ಬುಟ್ಟಿ ಹಿಡಿದವರು ಬುಟ್ಟಿ ಹಿಡಿದುಕೊಂಡೇ ನಿಂತರು. ಹೆಂಗಸರು ಒಬ್ಬೊಬ್ಬರಾಗಿ ತಲೆಯ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡರು.

"ಅಕ್ಕಾರ," ಎಂದ ಜಮಾಲ್. ದನಿಯಲ್ಲಿ ಧಾರವಾಡ ಉಳಿದಿರಲಿಲ್ಲ. "ಇಲ್ಲಿ ಪರಊರಾಗ ಸತ್ತವನ ಸುದ್ದಿ ತಂದಾವ್ರು ಬಾಯಿಲೆ ಹೇಳಂಗಿಲ್ಲ. ಅವನ ಕಾಳು ತಾಯಿ ಮಡಿಲಿಗೆ ಹಾಕ್ತಾರ."

ಫಾತುಮಾ ಮಡಿಲಿನ ಜೋಳ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿ, ನನ್ನನ್ನು, ಬಹಳ ದೂರದಿಂದ ಬಂದವಳನ್ನು, ಮೊದಲ ಸಲ ಕಂಡವಳ ಹಾಗೆ ನೋಡಿದಳು. ಅತ್ತಳೆಂದರೆ ಸುಳ್ಳಾಗುತ್ತದೆ. ಮೆಲ್ಲಗೆ ಒಂದು ಪ್ರಶ್ನೆ ಕೇಳಿದಳು.

ಜಮಾಲ್ ನೆಲ ನೋಡುತ್ತ ಹೇಳಿದ: "ಎಲ್ಲಿ ಮಣ್ಣು ಮಾಡಿದ್ರಿ ಅಂತ ಕೇಳಾಕತ್ತಾಳ."

ನಾನು ಆಕೆಯ ಕೈ ಹಿಡಿದುಕೊಂಡು ಒಂದೇ ಉಸಿರಿನಲ್ಲಿ ಹೇಳಿದೆ. ನಿನ್ನ ಮಗನನ್ನು ನಾನು ನೋಡಿಲ್ಲ ತಾಯಿ, ಅವನ ಸುದ್ದಿ ನನಗೇನೂ ಗೊತ್ತಿಲ್ಲ, ಇದು ನಮ್ಮ ಊರಿನ ಪದ್ಧತಿ, ಹರಸಲೆಂದು ಹಾಕಿದೆ, ತಪ್ಪಾಯಿತು, ಅವನು ಎಲ್ಲಿದ್ದರೂ ಚೆನ್ನಾಗಿರಲಿ. ಜಮಾಲ್ ಎಲ್ಲ ಕೇಳಿಸಿಕೊಂಡು ಅವಳ ಕಡೆ ತಿರುಗಿದ. ಅವನು ಆಡಿದ್ದು ಮೂರು ನಾಲ್ಕು ಪದ.

ಫಾತುಮಾ ತಲೆಯಾಡಿಸಿದಳು. ಎದ್ದು, ಮಡಿಲಿನ ಜೋಳವನ್ನು ಒಂದು ಕಾಳೂ ಚೆಲ್ಲದಂತೆ ಒಳಗೆ ಒಯ್ದಳು. ಬೀಸುವ ಕಲ್ಲಿನ ಸದ್ದು ಬಂತು. ಸಂಜೆ ಊರಲ್ಲೆಲ್ಲ ಒಲೆ ಹೊತ್ತಿದವು. ಅವಳು ತನ್ನ ತಟ್ಟೆ ತಂದು ನಮ್ಮೆದುರಿಗೇ ಕೂತಳು. ಎರಡು ಪಾಲು ಮಾಡಲಿಲ್ಲ. ತಟ್ಟೆ ಬರಿದಾಗುವವರೆಗೂ ಉಂಡಳು, ಬೆರಳನ್ನೂ ನೆಕ್ಕಿದಳು.

ಬೆಟ್ಟ ಹತ್ತುವ ದಾರಿ

ಇನ್ನೂ ನಾಲ್ಕು ದಿನ ಅಲ್ಲಿದ್ದೆವು. ಅಜ್ಜ ಊರಿನವರಿಗೆ ಹಗೇವು ಮೆತ್ತುವುದನ್ನು ಕಲಿಸಿದ. ಅಹ್ಮದನ ಪಾಲನ್ನು ಒಳಗಿಡುವ ಮಾತನ್ನು ಫಾತುಮಾ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಕೊನೆಯ ದಿನ ಲಾರಿ ಬಂತು. ಅದರ ಧೂಳು ಇಳಿಯುವ ಮೊದಲೇ ನಾವು ಹೊರಟೆವು.

ಊರು ಮರೆಯಾದ ಮೇಲೆ ಕೇಳಿದೆ. "ಜಮಾಲ್, ನಾನು ಅಷ್ಟು ಹೇಳಿದೆ. ನೀ ಏನು ಹೇಳಿದಿ?"

ಅವನು ದಾರಿಯಿಂದ ಕಣ್ಣು ತೆಗೆಯಲಿಲ್ಲ. "ನೀರಿನ ಹತ್ರ ಅಂದೆ."

"ಏನಂದಿ?"

"ನೀರಿನ ಹತ್ರ, ಮರದ ನೆರಳಾಗ ಮಣ್ಣು ಮಾಡ್ಯಾರ ಅಂದೆ."

ನನಗೆ ಸಿಟ್ಟು ಬಂತು. ಇಂಥ ಸುಳ್ಳನ್ನು ನನ್ನ ಬಾಯಿಂದ ಹೇಳಿಸಲು ನೀನು ಯಾರು ಎಂದು ಕೂಗಾಡಿದೆ. ನಾಳೆ ಅವನು ಬದುಕಿ ಬಂದರೆ ಏನು ಗತಿ ಎಂದೆ.

"ಬಂದ್ರ ಬರ್ಲಿ ಅಕ್ಕಾರ," ಎಂದ ಜಮಾಲ್. "ಅಲ್ಲಿ ತನಕ ಆಕಿ ಉಣ್ಣಬೇಕಲ್ರೀ."

ರಂಗಪ್ಪಜ್ಜ ಹಿಂದಿನ ಸೀಟಿನಲ್ಲಿ ಕೂತು ತನ್ನ ಗಂಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.

ಬೆಟ್ಟದ ತಿರುವಿನಲ್ಲಿ ಎದುರಿಗೆ ಒಬ್ಬ ಗಂಡಸು ನಡೆದು ಬರುತ್ತಿದ್ದ. ಒಬ್ಬನೇ. ಎರಡೂ ಹೆಗಲಿಗೆ ಅಡ್ಡವಾಗಿ ಕೋಲು ಇಟ್ಟು, ದನ ಕಾಯುವವರ ಹಾಗೆ ಅದರ ಮೇಲೆ ಕೈ ಚಾಚಿಕೊಂಡಿದ್ದ. ಮುಂದೆ ದನ ಇರಲಿಲ್ಲ. ಆ ದಾರಿ ಹೋಗುವುದು ಫಾತುಮಾಳ ಊರಿಗೆ ಮಾತ್ರ. ಜಮಾಲ್ ಗಾಡಿ ನಿಧಾನ ಮಾಡಿದ. ಅಹ್ಮದನನ್ನು ಎಂದೂ ಕಂಡಿರದ ನಾವು ಮೂವರೂ ಅವನ ಮುಖ ನೋಡಿದೆವು, ಅವನೂ ನಮ್ಮನ್ನು ನೋಡಿ, ಕೋಲಿನ ಮೇಲಿದ್ದ ಕೈಯನ್ನೇ ಸ್ವಲ್ಪ ಅಲುಗಿಸಿದ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಗಾಡಿ ಮುಂದೆ ಹೋಯಿತು. ಅವನ ಹೆಸರೇನೆಂದು ನಾವು ಯಾರೂ ಕೇಳಲಿಲ್ಲ.